ಹಸಿರು ದೋಣಿಯ ಮೇಲೊಂದು ಕೋಣೆ

ಎಲ್ಲದಕ್ಕೂ ಕಾರಣ ಒಂದು ದೀರ್ಘ ಮತ್ತು ಒಂದು ಗುಡಿಸು.

ಶಾಲೆಯೊಂದರ ವಾರ್ಷಿಕ ವರದಿಯಲ್ಲಿ ‘ಊರಿನ ದಾನಿಗಳೆಲ್ಲ ವೇದಿಕೆಯ ಮೇಲೆ ಸಾಲಾಗಿ ಕುಳಿತಿದ್ದರು’ ಎಂದಿರಬೇಕಾದ ಕಡೆ ‘ಊರಿನ ದನಗಳೆಲ್ಲ ವೇದಿಕೆಯ ಮೇಲೆ ಸಾಲಾಗಿ ಕುಳಿತಿದ್ದರು’ ಎಂದು ಅಚ್ಚಾಗಿಬಿಟ್ಟಿತು. ಮರುದಿನ ದಾನಿಗಳು ಮುದ್ರಣಾಲಯಕ್ಕೇ ಬಂದರು. ಅಲ್ಲಿಯೂ ಸಾಲಾಗಿಯೇ ಕುಳಿತರು. ಅವರನ್ನು ಕಾಫಿ ಕೊಟ್ಟು, ಕೈಮುಗಿದು ಸಾಗಹಾಕಿದ ಮೇಲೆ ಯಜಮಾನರು ಪ್ರೂಫ್ ತಿದ್ದುವವನನ್ನು ಒಳಗೆ ಕರೆದರು.

“ಅಲ್ರೀ, ದನಗಳು ಅಂದಮೇಲೆ ‘ಕುಳಿತಿದ್ದವು’ ಅಂತಾದ್ರೂ ಇರಬೇಕಿತ್ತು. ವ್ಯಾಕರಣನಾದ್ರೂ ನಮ್ಮ ಮಾನ ಉಳಿಸ್ತಿತ್ತು! ಇನ್ನೊಂದು ಸಲ ಹೀಗಾದ್ರೆ ನೀವು ಮನೇಲೇ ಇದ್ದುಬಿಡಿ.”

“ಎಚ್ಚರಿಸಿದ್ರಲ್ಲ ಸಾರ್, ದೊಡ್ಡ ಉಪಕಾರವಾಯ್ತು” ಎಂದು ಅವನು ಹೊರಗೆ ಬಂದ.

ಅವನು ಹಾಗೆಯೇ. ಕಾಲು ತುಳಿದವರಿಗೂ ‘ಉಪಕಾರವಾಯ್ತು’ ಎನ್ನುವ ಜಾಯಮಾನ. ಬೀದಿಯವರು ಅವನ ನಿಜವಾದ ಹೆಸರನ್ನು ಎಂದೋ ಮರೆತು ‘ಉಪಕಾರಯ್ಯ’ ಎಂದು ಕರೆಯುತ್ತಿದ್ದರು. ಹಾಗೆ ಕರೆದದ್ದಕ್ಕೂ ಅವನಿಗೆ ಬೇಸರವಿರಲಿಲ್ಲ.

ನಿಜ ಹೇಳಬೇಕೆಂದರೆ ತಪ್ಪು ಅವನ ಕಣ್ಣಿನದಲ್ಲ, ಕಿವಿಯದು. ಮುದ್ರಣಾಲಯದಲ್ಲಿ ಮುಗಿಯದ ಪ್ರೂಫುಗಳನ್ನು ಅವನು ಮನೆಗೆ ತರುತ್ತಿದ್ದ. ಮನೆ ಮೂರು ಅಂತಸ್ತಿನ ಕಟ್ಟಡದ ನಡುವಿನ ಅಂತಸ್ತು. ಕೆಳಗೆ ಟ್ರಂಕು ಬಡಿಯುವವನ ಅಂಗಡಿ. ಮೇಲೆ ಬ್ಯಾಂಡ್ ಕಂಪನಿಯಲ್ಲಿ ತುತ್ತೂರಿ ಊದುವವನ ವಾಸ. ಆತ ಎರಡು ವರ್ಷದಿಂದ ಒಂದೇ ಸಾಲು ಅಭ್ಯಾಸ ಮಾಡುತ್ತಿದ್ದ, ಪ್ರತಿಸಲವೂ ಒಂದೇ ಕಡೆ ಎಡವುತ್ತಿದ್ದ. ಇವೆರಡರ ನಡುವೆ ಉಪಕಾರಯ್ಯನ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಮೂಲೆಯಲ್ಲಿ ಕೂತು ಒಬ್ಬಳು ಮಗ್ಗಿ, ಇನ್ನೊಬ್ಬಳು ಚರಿತ್ರೆ ಬಾಯಿಪಾಠ ಮಾಡುತ್ತಿದ್ದರು. ಇಂಥ ಕಡೆ ಒಂದು ದೀರ್ಘ ಜಾರಿಬಿದ್ದರೆ ಅದರ ಸದ್ದು ಯಾರಿಗೆ ಕೇಳಬೇಕು?

ಆಗ ಅವನಿಗೆ ನೆನಪಾದದ್ದು ಸೋದರಮಾವನ ದೋಣಿ. ವಯಸ್ಸಾಗಿ ಮೀನು ಹಿಡಿಯುವುದನ್ನು ಎಂದೋ ಬಿಟ್ಟಿದ್ದ ಮಾವ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಹೆಂಡತಿ, ದೂರದ ಊರಿನಲ್ಲಿದ್ದ ಅತ್ತೆ, ಒಂದು ಕಾಗದ ಬರೆದಿದ್ದರು: ‘ನಿನ್ನ ಮಾವನ ದೋಣಿ ಬಂದರಿನ ಕೊನೆಯಲ್ಲಿ ಎಳೆದಿಟ್ಟಿದೆ. ಹಸಿರು ಬಣ್ಣದ್ದು. ನನಗೆ ಅದರಿಂದ ಏನಾಗಬೇಕಪ್ಪಾ, ನೀನೇ ಇಟ್ಟುಕೋ.’ ಉಪಕಾರಯ್ಯ ಕೃತಜ್ಞತೆ ತಿಳಿಸಿ ಎರಡು ಪುಟ ಉತ್ತರ ಬರೆದಿದ್ದ. ದೋಣಿಯನ್ನು ಮಾತ್ರ ನೋಡಲು ಹೋಗಿರಲಿಲ್ಲ.

ಈಗ ಹೊಳೆಯಿತು. ದೋಣಿಯ ಮೇಲೊಂದು ಪುಟ್ಟ ಮರದ ಕೋಣೆ. ಒಳಗೆ ಒಂದು ಮೇಜು, ಒಂದು ಕುರ್ಚಿ. ಎರಡನೇ ಕುರ್ಚಿ ಬೇಡವೇ ಬೇಡ. ಭಾನುವಾರ ಬೆಳಗ್ಗೆ ಹೋಗಿ ಕೂತರೆ ಸಂಜೆಯವರೆಗೆ ಅಲೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ದಾನಿಗಳು ದಾನಿಗಳಾಗಿಯೇ ಉಳಿಯುತ್ತಾರೆ.

ಹೆಂಡತಿಯ ತಮ್ಮ ಬಡಗಿ. ಅವನೊಬ್ಬನಿಗೆ ಮಾತ್ರ ಗುಟ್ಟಾಗಿ ಹೇಳಬೇಕೆಂದು ಶನಿವಾರ ಸಂಜೆ ಮನೆಗೆ ಕರೆಸಿದ. ಆದರೆ ಮೇಲೆ ತುತ್ತೂರಿ, ಕೆಳಗೆ ಟ್ರಂಕು. ಗುಟ್ಟನ್ನು ಕೂಗಿಯೇ ಹೇಳಬೇಕಾಯಿತು. “ನಾಳೆ ಬೆಳಗ್ಗೆ ಬಂದರಿಗೆ ಬಾ! ದೋಣಿ ಮೇಲೆ ಕೋಣೆ ಕಟ್ಟಬೇಕು! ಯಾರಿಗೂ ಗೊತ್ತಾಗಬಾರದು!” ಎಂದು ಅವನು ಗಂಟಲು ಹರಿಯುವಂತೆ ಕಿರುಚುವ ಹೊತ್ತಿಗೆ ಸರಿಯಾಗಿ ತುತ್ತೂರಿಯವನು ಉಸಿರು ತೆಗೆದುಕೊಳ್ಳಲು ನಿಂತ, ಕೆಳಗಿನವನು ಸುತ್ತಿಗೆ ಬದಲಾಯಿಸಲು ನಿಂತ. ‘ಯಾರಿಗೂ ಗೊತ್ತಾಗಬಾರದು’ ಎಂಬ ಮಾತು ಬೀದಿಯ ಆ ತುದಿಯವರೆಗೆ ಸ್ಪಷ್ಟವಾಗಿ ಕೇಳಿಸಿತು.

ಭಾನುವಾರ ಬೆಳಗ್ಗೆ ಉಪಕಾರಯ್ಯ ಬಗಲಲ್ಲಿ ಪ್ರೂಫಿನ ಕಟ್ಟು ಹಿಡಿದು ಬಂದರಿಗೆ ಬಂದರೆ, ಅಲ್ಲಿ ಅವನಿಗಿಂತ ಮೊದಲೇ ಅರ್ಧ ಬೀದಿ ಬಂದು ನಿಂತಿತ್ತು. ಎದುರುಮನೆಯ ನಿವೃತ್ತ ಹೆಡ್ ಮೇಷ್ಟ್ರು ಛತ್ರಿ ಊರಿಕೊಂಡು ನಿಂತಿದ್ದರು. ಮೂಲೆ ಅಂಗಡಿಯ ಟೈಲರಮ್ಮ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡಿದ್ದಳು. ತುತ್ತೂರಿಯವನು ತುತ್ತೂರಿಯ ಸಮೇತ ಬಂದಿದ್ದ.

“ಹೇಳಬಾರದಾ ನೀವು? ನಾವೇನು ಹೊರಗಿನವರಾ?” ಎಂದರು ಮೇಷ್ಟ್ರು.

“ಕೆಲಸ ಮಾಡೋರಿಗೆ ಹುಮ್ಮಸ್ಸು ಬರಲಿ ಅಂತ ಇದನ್ನೂ ತಂದಿದೀನಿ” ಎಂದು ತುತ್ತೂರಿಯವನು ಒಮ್ಮೆ ಊದಿಯೂ ತೋರಿಸಿದ.

ಉಪಕಾರಯ್ಯನ ಎದೆ ಧಸಕ್ಕೆಂದಿತು. ಬಾಯಿ ಮಾತ್ರ ರೂಢಿಯಂತೆ, “ಎಲ್ಲರೂ ಬಂದ್ರಲ್ಲ, ಬಹಳ ದೊಡ್ಡ ಉಪಕಾರವಾಯ್ತು” ಎಂದಿತು. ಊಟದ ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು.

ಮೀನುಗಾರರೆಲ್ಲ ನಸುಕಿನಲ್ಲೇ ಕಡಲಿಗಿಳಿದಿದ್ದರು. ಬಂದರಿನ ಕೊನೆಯಲ್ಲಿ, ಮರಳಿನ ಮೇಲೆ, ಊರುಗೋಲು ಕೊಟ್ಟು ನಿಲ್ಲಿಸಿದ ಎರಡು ದೋಣಿಗಳಷ್ಟೇ ಅಕ್ಕಪಕ್ಕದಲ್ಲಿದ್ದವು. ಒಂದು ಹಸಿರು, ಹಳತಾದರೂ ಗಟ್ಟಿಮುಟ್ಟು. ಇನ್ನೊಂದಕ್ಕೆ ಬಣ್ಣವೆಂಬುದೇ ಇರಲಿಲ್ಲ. ಅಡಿಯ ಹಲಗೆಗಳು ಬಾಯಿಬಿಟ್ಟುಕೊಂಡು, ಬೊಚ್ಚುಬಾಯಿಯ ಮುದುಕ ಆಕಳಿಸಿದಂತಿತ್ತು.

ಉಪಕಾರಯ್ಯ ಮುಂಜಾಗ್ರತೆಯ ಮನುಷ್ಯ. ಅಷ್ಟರಲ್ಲಿ ಬಂದರಿನ ಕಾವಲುಗಾರ ಆ ಕಡೆಯಿಂದ ಬರುತ್ತಿದ್ದ. ಅವನ ಒಂದು ಕೆನ್ನೆ ತೆಂಗಿನಕಾಯಿಯಷ್ಟು ಊದಿತ್ತು. ಬಾಯಿತುಂಬ ಹತ್ತಿ. ಹಲ್ಲು ಕೀಳಿಸಲು ಹೊರಟವನು.

“ಅಣ್ಣಾ, ಈ ಹಸಿರು ದೋಣಿ ನಮ್ಮ ಮಾವಂದೇ ಅಲ್ವಾ?” ಎಂದು ಕೇಳಿ ಉಪಕಾರಯ್ಯ ಮಾವನ ಹೆಸರನ್ನೂ ಗುರುತನ್ನೂ ಹೇಳಿದ.

ಕಾವಲುಗಾರ ಕೆನ್ನೆ ಹಿಡಿದುಕೊಂಡು ಗಂಟಲಿನಿಂದ ಏನೋ ಸದ್ದು ಹೊರಡಿಸಿದ. ಹತ್ತಿಯ ನಡುವಿನಿಂದ ತೂರಿ ಬಂದದ್ದು “...ಹೂಂ” ಎಂಬುದಷ್ಟೇ.

“ಹೂಂ ಅಂದ” ಎಂದ ಬಡಗಿ.

ಅದಕ್ಕೆ ಮೊದಲು ಏನಾದರೂ ಇತ್ತೇ ಎಂದು ಉಪಕಾರಯ್ಯನಿಗೆ ಒಂದು ಕ್ಷಣ ಅನುಮಾನವಾಯಿತು. ಇನ್ನೊಮ್ಮೆ ಕೇಳಬಹುದಿತ್ತು. ಆದರೆ ನೋವಿನಲ್ಲಿ ಕಣ್ಣೀರು ಸುರಿಸುತ್ತಿರುವವನನ್ನು ಎರಡು ಸಲ ಮಾತಾಡಿಸುವುದೇ? “ಬೇಗ ಹೋಗಿಬನ್ನಿ ಅಣ್ಣಾ. ತುಂಬ ಉಪಕಾರವಾಯ್ತು” ಎಂದ. ಕಾವಲುಗಾರ ಕೈ ಆಡಿಸುತ್ತಾ, ಇನ್ನೂ ಏನೋ ಗೊಳಗೊಳ ಎನ್ನುತ್ತಾ ಹೋದ. ಅವರು ಅದನ್ನು ಶುಭ ಹಾರೈಕೆ ಎಂದುಕೊಂಡರು.

ಕೆಲಸ ಶುರುವಾಯಿತು. ಬಡಗಿ ಕೈಗಾಡಿಯಲ್ಲಿ ಒಂದಷ್ಟು ಹಲಗೆ ಮತ್ತು ಒಂದು ಚೌಕಟ್ಟು ತಂದಿದ್ದ. ಯಾವುದೋ ಸರ್ಕಸ್ಸಿನವರು ಬಿಟ್ಟುಹೋದ ಹಳೆಯ ಟಿಕೆಟ್ ಕೌಂಟರಿನದು. ನಾಲ್ಕು ಕಂಬ, ಮೇಲೊಂದು ತಗಡಿನ ಚಾವಣಿ, ಮುಂದೆ ಅರ್ಧಚಂದ್ರದ ಕಿಂಡಿ, ಕಿಂಡಿಯ ಮೇಲೆ ‘ಸರದಿಯಲ್ಲಿ ಬನ್ನಿ’ ಎಂಬ ಬರಹ.

“ಇದನ್ನ ದೋಣಿ ಮೇಲೆ ಕೂರಿಸಿ, ಸುತ್ತ ಹಲಗೆ ಹೊಡೆದ್ರೆ ಮುಗೀತು. ನೀವು ಚಿಂತೆ ಬಿಡಿ ಭಾವ” ಎಂದ.

“ಅಳತೆ ನೋಡಬೇಡ್ವಾ?”

“ಅಳತೆ ನನಗೆ ಬಿಡಿ” ಎಂದರು ಮೇಷ್ಟ್ರು. ಛತ್ರಿಯನ್ನು ಉರುಳಿಸಿ ಉರುಳಿಸಿ ದೋಣಿಯ ಉದ್ದ ಅಳೆದರು. “ಹದಿಮೂರು ಛತ್ರಿ. ಅಗಲ ನಾಲ್ಕೂವರೆ. ಗೋಡೆಗೆ ಎಷ್ಟು ಹಲಗೆ ಬೇಕು ಅಂತ ಬಾಯಲ್ಲೇ ಹೇಳಿಬಿಡ್ತೀನಿ.” ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಒಂದು ಲೆಕ್ಕ ಹೇಳಿ, ಗಾಡಿಯಲ್ಲಿರುವ ಹಲಗೆಯೇ ಸಾಕೆಂದುಬಿಟ್ಟರು. ನಲವತ್ತು ವರ್ಷ ಗಣಿತ ಹೇಳಿಕೊಟ್ಟವರು. ಅನುಮಾನಿಸುವ ಧೈರ್ಯ ಯಾರಿಗಿದೆ?

ಟೈಲರಮ್ಮ ಕಿಟಕಿಗೆ ಪರದೆ ಹೊಲಿಯಲು ಟೇಪು ಬಿಚ್ಚಿದಳು. ಅಭ್ಯಾಸಬಲ ನೋಡಿ, ದೋಣಿಯ ಹೊಟ್ಟೆಗೂ ಒಂದು ಸುತ್ತು ಟೇಪು ಹಿಡಿದು, “ನಡು ಸ್ವಲ್ಪ ದಪ್ಪ” ಎಂದಳು.

ಚೌಕಟ್ಟನ್ನು ಮೇಲೇರಿಸುವಾಗ ಮೇಷ್ಟ್ರು “ಎಡಕ್ಕೆ!” ಎಂದರು, ಬಡಗಿ “ಬಲಕ್ಕೆ!” ಎಂದ, ತುತ್ತೂರಿಯವನು ಹುಮ್ಮಸ್ಸಿಗೆಂದು ಊದಿದ. ಬೆಚ್ಚಿಬಿದ್ದ ಉಪಕಾರಯ್ಯ ಕೈಬಿಟ್ಟ. ಚೌಕಟ್ಟು ಜಾರಿ, ಅರ್ಧಚಂದ್ರದ ಕಿಂಡಿಯೊಳಗೆ ಅವನ ತಲೆ ಸರಿಯಾಗಿ ತೂರಿ ಕೂತಿತು. ಹೊರಕ್ಕೆ ಬರಲೊಲ್ಲದು. ಟೈಲರಮ್ಮ ಸಾಬೂನು ಹಚ್ಚಿದಳು, ಮೇಷ್ಟ್ರು ಕಿವಿ ಮಡಚಿದರು, ಬಡಗಿ ಗರಗಸ ತೆಗೆದ.

“ಯಾವುದನ್ನ ಕೊಯ್ತೀಯೋ?” ಎಂದು ಉಪಕಾರಯ್ಯ ಗಾಬರಿಯಾದ.

“ಮರಾನೇ ಭಾವ. ಚಿಂತೆ ಬಿಡಿ.”

ಕೊನೆಗೆ ಹೆಂಡತಿ ಮೆಲ್ಲನೆ, “ರೀ, ನಿಮ್ಮ ಪ್ರೂಫು ಗಾಳಿಗೆ ಹಾರ್ತಿದೆ” ಎಂದಳು. ತಲೆ ತಾನಾಗಿ ಹೊರಬಂತು. ಪ್ರೂಫು ಎಲ್ಲೂ ಹಾರಿರಲಿಲ್ಲ. ಆಕೆಗೆ ಗಂಡನನ್ನು ಯಾವ ದಾರಿಯಿಂದ ಹೊರತೆಗೆಯಬೇಕೆಂಬುದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎರಡು ಗೋಡೆ ಎದ್ದವು. ಮೂರನೆಯದು ಅರ್ಧಕ್ಕೆ ಬಂದಾಗ ತಂದ ಹಲಗೆಗಳೆಲ್ಲ ಮುಗಿದವು.

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಛತ್ರಿಯ ಮುಖ ನೋಡಿದರು. “ತುದಿ ಮುರಿದುಹೋಗಿದೆ. ಹೋದ ವರ್ಷ ನಾಯಿ ಓಡಿಸೋವಾಗ ಮುರೀತು. ಅದನ್ನ ನಾನು ಒಂದು ಸಲ ಕಳೆಯೋ ಬದಲು ಎರಡು ಸಲ ಕಳೆದಿದೀನಿ ಅಂತ ಕಾಣುತ್ತೆ” ಎಂದರು. ಲೆಕ್ಕ ತಪ್ಪಿದ್ದಕ್ಕಿಂತ ಕಾರಣ ಸಿಕ್ಕಿದ್ದಕ್ಕೆ ಅವರ ಮುಖದಲ್ಲಿ ಸಮಾಧಾನವಿತ್ತು.

ಭಾನುವಾರ, ಮರದ ಅಡ್ಡೆ ಮುಚ್ಚಿತ್ತು. ಬಡಗಿಯ ಕಣ್ಣು ಮೆಲ್ಲಗೆ ಪಕ್ಕದ ದೋಣಿಯ ಕಡೆ ಹೊರಳಿತು. ಹತ್ತಿರ ಹೋಗಿ ಬೆರಳಿನಿಂದ ತಟ್ಟಿದ. “ಕೆಳಗೆ ಗೆದ್ದಲು ಹಿಡಿದಿದೆ. ಮೇಲಿನ ಹಲಗೆ ಮಾತ್ರ ಉಕ್ಕು ಭಾವ, ಉಕ್ಕು. ಇಂಥ ಮರ ಈಗ ಎಲ್ಲಿ ಸಿಗುತ್ತೆ!”

“ಛೆ ಛೆ, ಬೇರೆಯವರ ಸ್ವತ್ತು” ಎಂದ ಉಪಕಾರಯ್ಯ.

“ಯಾರ ಸ್ವತ್ತು?” ಮೇಷ್ಟ್ರು ಕಳೆದುಕೊಂಡ ಗೌರವವನ್ನು ಮರಳಿ ಪಡೆಯುವ ಹುರುಪಿನಲ್ಲಿ ಮುಂದೆ ಬಂದರು. “ಹೆಸರಿಲ್ಲ, ಬಣ್ಣ ಇಲ್ಲ, ಹುಟ್ಟುಗೋಲಿಲ್ಲ. ಒಳಗೆ ಏಡಿಗಳು ಸಂಸಾರ ಹೂಡಿ ಮೊಮ್ಮಕ್ಕಳನ್ನ ಕಂಡಿವೆ. ಹತ್ತು ವರ್ಷದಿಂದ ಇದನ್ನ ಯಾರೂ ಮುಟ್ಟಿಲ್ಲ. ಇದಕ್ಕೆ ಒಡೆಯ ಅಂತ ಒಬ್ಬ ಇದ್ದಿದ್ರೆ, ಅವನಷ್ಟು ಬೇಜವಾಬ್ದಾರಿ ಮನುಷ್ಯ ಇನ್ನೊಬ್ಬ ಇರಲಾರ.”

“ಅಂಥವನಿಗೆ ಹೀಗೇ ಆಗಬೇಕು” ಎಂದಳು ಟೈಲರಮ್ಮ.

ಉಪಕಾರಯ್ಯ ಬಹಳ ಹೊತ್ತು ಒದ್ದಾಡಿದ. ಅರ್ಧ ಗೋಡೆಯ ಕೋಣೆಯೊಳಗೆ ಗಾಳಿ ನುಗ್ಗಿ ಪ್ರೂಫಿನ ಕಟ್ಟನ್ನು ಪಟಪಟ ಎನಿಸುತ್ತಿತ್ತು. ಕೊನೆಗೆ ಆ ಹಾಳು ದೋಣಿಯೆದುರು ನಿಂತು ಕೈಮುಗಿದ. “ಸ್ವಾಮೀ, ತಾವು ಯಾರೋ ನನಗೆ ತಿಳಿಯದು. ತಮ್ಮ ಹಲಗೆಗಳಿಂದ ಒಬ್ಬ ಸಂಸಾರಸ್ಥನ ಕೆಲಸ ಉಳಿಯುತ್ತೆ. ಇಂಥ ಉಪಕಾರ ನನಗೆ ಯಾರೂ ಮಾಡಿಲ್ಲ. ತಮಗೆ ಒಳ್ಳೇದಾಗಲಿ” ಎಂದು ಗಟ್ಟಿಯಾಗಿ ಹೇಳಿದ. ಬಡಗಿಗೆ ನಗು ತಡೆಯಲಾಗದೆ ಬಾಯಲ್ಲಿದ್ದ ಮೊಳೆಗಳು ಮರಳಿಗೆ ಬಿದ್ದವು. ಎಲ್ಲರೂ ಕೂತು ಹೆಕ್ಕಬೇಕಾಯಿತು.

ಹಲಗೆ ಕೀಳುವುದಕ್ಕೆ ಎರಡು ಗಂಟೆ ಹಿಡಿಯಿತು. ಕಿತ್ತ ಹಲಗೆ ಚಕಚಕನೆ ಗೋಡೆಯಾಯಿತು, ಗೋಡೆಯ ನಡುವೆ ಬಾಗಿಲಾಯಿತು. ಹಾಳು ದೋಣಿಯಲ್ಲಿ ಮೀನಿನ ಮುಳ್ಳಿನಂತೆ ಪಕ್ಕೆಲುಬುಗಳಷ್ಟೇ ಉಳಿದಾಗ ಬಡಗಿ ಅವನ್ನೂ ಬಿಡಲಿಲ್ಲ. ಎರಡನ್ನು ಕೊಯ್ದು ಒಳಗೊಂದು ಮೇಜು, ಒಂದನ್ನು ಕೊಯ್ದು ಹಲಗೆಯ ಮಂಚ ಮಾಡಿದ. ಮೇಜಿನ ಬಳಿ ಒಂದು ಕುರ್ಚಿ ಇಟ್ಟರು. ಉಳಿದ ಚೂರುಪಾರುಗಳಿಂದ ಹೆಂಡತಿ ಚಹಾ ಕಾಸಿದಳು. ಟೈಲರಮ್ಮನ ಪರದೆ ಗಾಳಿಗೆ ಅಲುಗಿತು. ಮೇಷ್ಟ್ರು ದೂರ ನಿಂತು ನೋಡಿ, ತಲೆದೂಗಿ, “ನೂರಕ್ಕೆ ತೊಂಬತ್ತು” ಎಂದರು. ಅವರ ಕೈಯಿಂದ ಅಷ್ಟು ಅಂಕ ಪಡೆದವರು ಊರಲ್ಲಿ ಮೂರೇ ಜನ.

ಇಳಿಬಿಸಿಲಿನಲ್ಲಿ ಕೋಣೆ ನಿಜಕ್ಕೂ ಚೆಲುವಾಗಿತ್ತು. ಉಪಕಾರಯ್ಯ ಅದಕ್ಕೆ ಒಂದು ಸುತ್ತು ಬಂದ. ಬೆಳಗ್ಗೆ ಇವರನ್ನೆಲ್ಲ ಕಂಡು ಎದೆ ಧಸಕ್ಕೆಂದದ್ದು ನೆನಪಾಗಿ ನಾಚಿಕೆಯಾಯಿತು. ಮೇಷ್ಟ್ರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಟೈಲರಮ್ಮ ಆ ದಿನದ ಹೊಲಿಗೆಯನ್ನೆಲ್ಲ ಬಿಟ್ಟು ಬಂದಿದ್ದಳು. ತುತ್ತೂರಿಯವನು ಹಲಗೆ ಹೊತ್ತು ಹೊತ್ತು, ಊದಲು ಉಸಿರಿಲ್ಲದೆ ಮರಳಿನ ಮೇಲೆ ಅಂಗಾತ ಬಿದ್ದಿದ್ದ. ಈ ಸಲ ಉಪಕಾರಯ್ಯ ಏನೋ ಹೇಳಲು ಹೋದವನು ಮಾತು ಹೊರಡದೆ ಸುಮ್ಮನೆ ಕೈಮುಗಿದ.

“ಹೋಗಿ, ಒಳಗೆ ಕೂತ್ಕೊಳ್ಳಿ. ನಾವ್ಯಾರೂ ಮಾತಾಡಲ್ಲ” ಎಂದಳು ಹೆಂಡತಿ.

ಅವನು ಒಳಗೆ ಹೋಗಿ ಬಾಗಿಲು ಮುಂದೆಳೆದುಕೊಂಡ. ಕುರ್ಚಿಯಲ್ಲಿ ಕೂತು ಪ್ರೂಫು ಬಿಚ್ಚಿದ. ಅಲೆಯ ಸದ್ದು. ಮೊದಲ ಸಾಲಿನಲ್ಲೇ ಒಂದು ಒತ್ತಕ್ಷರ ಬಿಟ್ಟುಹೋಗಿದ್ದು ಕಣ್ಣಿಗೆ ಬಿತ್ತು. ಎರಡನೇ ಸಾಲಿನಲ್ಲಿ ಅಲ್ಪವಿರಾಮ. ಮನೆಯಲ್ಲಾದರೆ ಎರಡೂ ಪಾರಾಗುತ್ತಿದ್ದವು. ಅವನಿಗೆ ಸಂತೋಷದಿಂದ ಅಳು ಬರುವಂತಾಯಿತು. ಹೀಗೆ ಒಂದೂಕಾಲು ಪುಟ ತಿದ್ದಿದ. ಅವನ ಜೀವಮಾನದಲ್ಲೇ ಅತ್ಯಂತ ಸುಖದ ಒಂದೂಕಾಲು ಪುಟ.

ಆಗ ಹೊರಗೆ ಊರುಗೋಲಿನ ಸದ್ದು ಕೇಳಿಸಿತು.

ಬಸ್ಸಿನ ನಿಲ್ದಾಣದ ಕಡೆಯಿಂದ ಒಬ್ಬ ಮುದುಕ ಕಾಲೆಳೆಯುತ್ತಾ ಬರುತ್ತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬಿಸಿಲಲ್ಲಿ ಒಣಗಿದ ಹಗ್ಗದಂಥ ಮೈ. ಹತ್ತು ಮಾರು ದೂರದಲ್ಲಿ ಹಸಿರು ದೋಣಿಯನ್ನು ಕಂಡವನೇ ನಿಂತುಬಿಟ್ಟ. ಬುಟ್ಟಿಯನ್ನು ಕೆಳಗಿಟ್ಟು ಕಣ್ಣುಜ್ಜಿಕೊಂಡ.

“ಇದು... ನನ್ನ ದೋಣಿ” ಎಂದ.

ಬಡಗಿ ಸುತ್ತಿಗೆಯನ್ನು ಬೆನ್ನ ಹಿಂದೆ ಮರೆಮಾಡಿದ.

“ಮುರಿದ ಕಾಲು ಇಟ್ಕೊಂಡು ಮೂರು ತಿಂಗಳು ಮಗಳ ಮನೇಲಿದ್ದೆ. ‘ಕಡಲು ಸಾಕಪ್ಪ, ದೋಣಿ ಸೌದೆಗೆ ಕೊಟ್ಟುಬಿಡು, ಇನ್ನು ಇಲ್ಲೇ ಇರು’ ಅಂದಳು. ಒಳ್ಳೆಯವಳು ಪಾಪ. ಆದ್ರೆ ಅಳಿಯನ ಮನೆ ಸೋಫಾ ಮೇಲೆ ಎಷ್ಟು ದಿನ ಅಂತ ಮಲಗ್ಲಿ? ಇವತ್ತು ಕೊನೇ ಸಲ ನೋಡಿ ಹೋಗೋಣ ಅಂತ ಬಂದೆ.” ಅವನು ಕುಂಟುತ್ತಾ ಬಂದು ಕೋಣೆಯ ಗೋಡೆಯ ಮೇಲೆ ಅಂಗೈ ಇಟ್ಟ. “ನೋಡಿದ್ರೆ ನನ್ನ ದೋಣಿ ಮೇಲೆ ಮನೆ! ಯಾರಪ್ಪಾ ನೀವೆಲ್ಲ? ನನಗ್ಯಾಕೆ ಇಷ್ಟು ಉಪಕಾರ ಮಾಡಿದ್ರಿ?”

ಮೇಷ್ಟ್ರು ಬಾಯಿ ತೆರೆದರು. ಟೈಲರಮ್ಮ ಅವರ ಕಾಲು ತುಳಿದಳು.

ಉಪಕಾರಯ್ಯ ಬಾಗಿಲು ತೆರೆದು ಹೊರಬಂದ. ಬೆಳಗಿನ ಆ ‘...ಹೂಂ’ಗೆ ಮೊದಲು ಒಂದು ‘ಊ’ ಇತ್ತೆಂಬುದು ಅವನಿಗೆ ಈಗ ಖಚಿತವಾಯಿತು. ಕಾವಲುಗಾರ ಹೇಳಿದ್ದು ‘ಊಹೂಂ’. ಒಂದೇ ಒಂದಕ್ಷರ! ದಿನವಿಡೀ ಬಿಟ್ಟುಹೋದ ಅಕ್ಷರ ಹುಡುಕುವುದೇ ಕಸುಬಾದವನಿಗೆ ಅದು ಸಿಗದೆ ಹತ್ತಿಯೊಳಗೇ ಉಳಿದುಹೋಗಿತ್ತು. ತಾನು ಯಾರ ಸೋದರಳಿಯ ಎಂಬುದನ್ನು ಹೇಳಿದ. ‘ಮಾವನ ದೋಣಿಯೆಂದು ತಪ್ಪು ತಿಳಿದು...’ ಎಂದು ಮುಂದುವರಿಸುವುದರಲ್ಲಿದ್ದ.

ಮಾವನ ಹೆಸರು ಕೇಳಿದ್ದೇ ತಡ, ಮುದುಕನ ಕೋಲು ಕೈಜಾರಿತು.

“ಅವನ ಸೋದರಳಿಯನಾ? ಅವನು ನನ್ನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದ. ಒಂದು ತುಂಡು ಹಗ್ಗಕ್ಕೆ ಜಗಳ ಆಡಿದ್ವಿ, ಬರೀ ಒಂದು ತುಂಡು ಹಗ್ಗ! ದೋಣಿಗಳು ಅಕ್ಕಪಕ್ಕ ನಿಂತಿದ್ವು, ನಾವು ಮುಖ ತಿರುಗಿಸ್ಕೊಂಡು ಓಡಾಡ್ತಿದ್ವಿ. ಅವನು ಹೋದಾಗಲೂ ನಾನು ಬರಲಿಲ್ಲ. ಅದೊಂದು ಮುಳ್ಳು ಇಲ್ಲೇ ಚುಚ್ಕೊಂಡಿದೆ.” ಮುದುಕ ಎದೆ ಮುಟ್ಟಿಕೊಂಡು ಅತ್ತಿತ್ತ ನೋಡಿದ. “ಅಂದಹಾಗೆ ಅವನ ದೋಣಿ ಎಲ್ಲಿ? ಇಲ್ಲೇ ಪಕ್ಕದಲ್ಲೇ ಇತ್ತಲ್ಲ. ಬಣ್ಣ ಹೋಗಿತ್ತು, ಅವನದೂ ಹಸಿರೇ ಇತ್ತು ಒಂದು ಕಾಲದಲ್ಲಿ.”

ಎಲ್ಲರ ಕಣ್ಣೂ ಮರಳಿನ ಮೇಲೆ ಒಂಟಿಯಾಗಿ ಮಲಗಿದ್ದ ಒಂದು ಉದ್ದನೆಯ ಅಡಿಮರದ ಮೇಲೆ ಹೋಯಿತು. ಅಲ್ಲಿಂದ ಮೆಲ್ಲಗೆ ಮೇಲೇರಿ ಕೋಣೆಯ ಗೋಡೆಗಳಿಗೆ, ಬಾಗಿಲಿಗೆ, ಮೇಜಿಗೆ, ಮಂಚಕ್ಕೆ ಹೋಯಿತು. ಚಹಾ ಕಾಸಿದ ಒಲೆಯಲ್ಲಿ ಇನ್ನೂ ಕೆಂಡವಿತ್ತು.

ಉಪಕಾರಯ್ಯನಿಗೆ ಈಗ ಎಲ್ಲ ಅರ್ಥವಾಯಿತು. ತನ್ನ ದೋಣಿಯನ್ನು ತಾನೇ ನಿಂತು, ಕೈಮುಗಿದು, ಮೊಳೆ ಮೊಳೆಯಾಗಿ ಕೀಳಿಸಿ, ಕಂಡವರ ದೋಣಿಗೆ ಕೋಣೆ ಕಟ್ಟಿಸಿದ್ದ! ಬಡಗಿಗೆ ‘ಚಿಂತೆ ಬಿಡಿ ಭಾವ’ ಎನ್ನುವುದಕ್ಕೂ ನಾಲಿಗೆ ಏಳಲಿಲ್ಲ.

ಮಾತಾಡಿದವಳು ಹೆಂಡತಿ. “ಈ ಕಡೆ ಹಲಗೆಯೆಲ್ಲ ಅವರ ದೋಣಿದೇ ತಾತ. ನೋಡಿ, ಅವರ ದೋಣಿನೇ ನಿಮ್ಮ ದೋಣಿ ಮೇಲೆ ಬಂದು ಕೂತಿದೆ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮುದುಕ ಗೋಡೆಗೆ ಹಣೆ ಆನಿಸಿದ. ಆಮೇಲೆ ತಿರುಗಿ ಉಪಕಾರಯ್ಯನ ಎರಡೂ ಕೈ ಹಿಡಿದುಕೊಂಡ. “ಅವನೇ ಹೇಳಿದ್ನಾ? ಹೋಗೋ ಮುಂಚೆ, ನನಗೆ ಹೀಗೆ ಮಾಡು ಅಂತ ಅವನೇ ಹೇಳಿದ್ನಾ, ಮಗಾ?”

ಉಪಕಾರಯ್ಯ ಆ ಮುಖ ನೋಡಿದ. ಇಪ್ಪತ್ತು ವರ್ಷಗಳಿಂದ ಅವನು ಬೇರೆಯವರ ತಪ್ಪುಗಳನ್ನು ತಿದ್ದಿ ಅನ್ನ ತಿಂದಿದ್ದ. ಕಣ್ಣೆದುರಿನ ತಪ್ಪನ್ನು ತಿದ್ದದೆ ಬಿಡುವುದು ಅವನ ರಕ್ತದಲ್ಲೇ ಇರಲಿಲ್ಲ. ಮೊದಲ ಬಾರಿಗೆ ಒಂದನ್ನು ಹಾಗೆಯೇ ಬಿಟ್ಟ.

“ಹೂಂ ತಾತ” ಎಂದ.

ಮುದುಕ ಅತ್ತ. ಟೈಲರಮ್ಮ ಪರದೆಯ ಬಟ್ಟೆ ಮಿಕ್ಕಿದ್ದರಲ್ಲಿ ಮೂಗು ಒರೆಸಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಅದನ್ನು ತಲೆಕೆಳಗಾಗಿ ಹಾಕಿಕೊಂಡರು. ಗಂಡಸರು ನಾಲ್ವರೂ ಸೇರಿ ಮುದುಕನನ್ನು ಮೇಲೆ ಹತ್ತಿಸಿದರು. ಅವನು ಮಂಚದ ಮೇಲೆ ಕೂತು ನೋಡಿದ, ಕಿಂಡಿಯಿಂದ ಕಡಲು ನೋಡಿದ, ಕುರ್ಚಿಯಲ್ಲಿ ಕೂತ. “ಇನ್ನು ನಾನು ಎಲ್ಲೂ ಹೋಗಲ್ಲ. ನಾಳೆ ನನ್ನ ಜನ ಕಡಲಿಂದ ಬಂದಮೇಲೆ ನೀರಿಗಿಳಿಸ್ತೀನಿ” ಎಂದ. ಆ ದನಿಯಲ್ಲಿ ಮೂವತ್ತು ವರ್ಷ ಕಡಿಮೆಯಾಗಿತ್ತು.

ಉಪಕಾರಯ್ಯ ಮೇಜಿನ ಮೇಲಿದ್ದ ಪ್ರೂಫಿನ ಕಟ್ಟನ್ನು ಸದ್ದಿಲ್ಲದೆ ಎತ್ತಿಕೊಂಡ. ಎದೆಯೊಳಗೆ ಕೋಣೆ ಹೋದ ಸಂಕಟವನ್ನು ಹುಡುಕಿದ. ಇರಬೇಕಿತ್ತು, ಸಿಗಲಿಲ್ಲ. ಮಾವನ ದೋಣಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿತ್ತು ಎನಿಸಿತು.

ಹೊರಡುವಾಗ ಮುದುಕ ಕೂಗಿ ನಿಲ್ಲಿಸಿದ. “ಬರಿಗೈಲಿ ಹೇಗೆ ಕಳಿಸ್ಲಿ? ನನ್ನ ಹತ್ರ ಇರೋದು ಇದೊಂದೇ. ಮಗಳ ಮನೇಲಿ ಮೂರು ತಿಂಗಳೂ ನನಗೆ ಜೊತೆಯಾಗಿದ್ದಿದ್ದು ಇವನೇ. ನೀರಿನ ಮೇಲೆ ಇವನಿಗೆ ತಲೆ ಸುತ್ತುತ್ತೆ. ನಿಮಗಲ್ಲದೆ ಇನ್ಯಾರಿಗೆ ಕೊಡ್ಲಿ?” ಎಂದು ಬುಟ್ಟಿಯ ಬಟ್ಟೆ ಸರಿಸಿದ.

ಒಳಗಿನಿಂದ ಕೆಂಪು ಜುಟ್ಟಿನ, ಕಪ್ಪು ಬಾಲದ, ಕುಸ್ತಿ ಪೈಲ್ವಾನನಂಥ ಹುಂಜವೊಂದು ಕತ್ತು ಹೊರಹಾಕಿ ಉಪಕಾರಯ್ಯನನ್ನು ಮೇಲಿಂದ ಕೆಳಗೆ ನೋಡಿತು.

“ಗಂಟಲು ಕೇಳಬೇಕು ನೀವು! ಎರಡು ಮೈಲಿ ಕೇಳುತ್ತೆ. ಬೆಳಕು ಕಂಡ್ರೆ ಸಾಕು, ಹಗಲು ದೀಪ ಅನ್ನೋ ಭೇದ ಇಲ್ಲ. ಕೊಯ್ಯಲ್ಲ ಅಂತ ಮಾತು ಕೊಡಬೇಕು ಮತ್ತೆ.”

ಹೆಂಡತಿ ಗಂಡನ ತೋಳು ಚಿವುಟಿದಳು. ಆದರೆ ವರ್ಷಗಟ್ಟಲೆ ಪಳಗಿದ ನಾಲಿಗೆ ಚಿವುಟಿದರೆ ನಿಲ್ಲುತ್ತದೆಯೇ?

“ಅಯ್ಯೋ, ಎಂಥ ಮಾತು ತಾತ! ಬಹಳ ದೊಡ್ಡ ಉಪಕಾರವಾಯ್ತು” ಎಂದು ಉಪಕಾರಯ್ಯ ಬುಟ್ಟಿಗೆ ಕೈಯೊಡ್ಡಿದ.

ಮುಸ್ಸಂಜೆಗೆ ಮನೆ ಸೇರಿದರು. ಹೆಣ್ಣುಮಕ್ಕಳು ಮಗ್ಗಿ, ಚರಿತ್ರೆ ಎರಡನ್ನೂ ಬಿಟ್ಟು ಹುಂಜದ ಸುತ್ತ ಕುಣಿದರು. ಉಪಕಾರಯ್ಯ ಅಡುಗೆಮನೆಯ ಮೂಲೆಯಲ್ಲಿ ಪ್ರೂಫು ಹರಡಿಕೊಂಡು, ಬಿಟ್ಟ ಸಾಲಿನಿಂದ ಶುರು ಮಾಡಿದ. ಮೇಲಿನವನು ಸುಸ್ತಾಗಿ ಮಲಗಿದ್ದ, ಕೆಳಗಿನ ಅಂಗಡಿಗೆ ರಜೆ. ಮನೆ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು.

“ಬೇಜಾರಾಗಿದೆಯೇನ್ರೀ?”

“ಇಲ್ಲ ಕಣೇ. ನಿಜವಾಗ್ಲೂ ಇಲ್ಲ. ಆ ತಾತ ಇವತ್ತು ತನ್ನ ದೋಣಿಯಲ್ಲಿ ನೆಮ್ಮದಿಯಾಗಿ ಮಲಗ್ತಾನಲ್ಲ, ಅಷ್ಟು ಸಾಕು.”

“ಮತ್ತೆ ನೀವು?”

ಅವನು ಉತ್ತರಿಸಲು ಬಾಯಿ ತೆರೆದ. ಆಗ ಕಿಟಕಿಯ ಹೊರಗೆ ಬೀದಿದೀಪ ಹತ್ತಿಕೊಂಡಿತು, ಉತ್ತರ ಕೊಟ್ಟದ್ದು ಹುಂಜ.